ಕೊನೆಯ ನುಡಿಯ ನಾಲ್ಕು ಪೆಟ್ಟು

ಹೆಂಡರ್ಸನ್, ಆಕ್ಲೆಂಡ್
೩ ಮಾರ್ಚ್ ೨೦೨೫

ಮೊಮ್ಮಗಳು ವಚನಾಳಿಗೆ ಆಯಿ ಗಂಗವ್ವ ಬರೆಯುವುದು.

ನೀನು ಆರಾಮ ಇದ್ದೀ ಎಂದು ನಿನ್ನ ಅಪ್ಪ ಹೇಳಿದ. ನಾನೂ ಆರಾಮ ಇದ್ದೆ, ನಿನ್ನ ಲಕೋಟೆ ಬರುವ ತನಕ.

ಫೋನಿನಲ್ಲೇ ಬೈಯಬಹುದಿತ್ತು. ಆದರೆ ನನ್ನ ಎಡಗಿವಿ ಹೋಗಿ ಎಷ್ಟೋ ವರ್ಷವಾಯಿತು, ಬಲಗಿವಿಗೆ ಫೋನು ಹಿಡಿದರೆ ನೀನು ಅರ್ಧ ಇಂಗ್ಲಿಷಿನಲ್ಲಿ ಗುಳುಗುಳು ಅನ್ನುತ್ತೀ. ಬೈದದ್ದಕ್ಕೆ ನೀನು ಏನು ಉತ್ತರ ಕೊಟ್ಟೆ ಎಂಬುದೇ ತಿಳಿಯದಿದ್ದರೆ ಬೈದು ಏನು ಸುಖ? ಅದಕ್ಕೇ ಕಾಗದ. ನಾಲ್ಕನೇ ಇಯತ್ತೆಯವರೆಗೆ ಕಲಿತ ಕೈ, ಸಾಲು ಸೊಟ್ಟ ಹೋಗಿರಬಹುದು. ಮಾತು ಸೊಟ್ಟ ಇಲ್ಲ.

ನೀವು ಹುಡುಗರು ಸೇಬಿನ ಪ್ಯಾಕ್‌ಹೌಸಿನಲ್ಲಿ ಕೆಲಸ ಮಾಡುತ್ತ ‘ಪ್ಯಾಕ್‌ಹೌಸ್ ಮೇಳ’ ಎಂದು ಬ್ಯಾಂಡು ಕಟ್ಟಿಕೊಂಡಿರಿ, ಸಂತೋಷ. ನಾನು ಹಾಡುತ್ತಿದ್ದ ಗೀಗೀ ಪದವನ್ನು ಗಿಟಾರಿಗೆ ಕೂಡಿಸಿದಿರಿ, ಅದೂ ಸಂತೋಷ. ಅದನ್ನು ಗ್ರಾಮಫೋನಿನ ಕರಿ ತಟ್ಟೆಯಾಗಿ ಅಚ್ಚು ಹಾಕಿಸುತ್ತೇವೆ, ಹೊದಿಕೆಯ ಹಿಂದೆ ನಿನ್ನ ಯರಗುಂಡಿ ಮೇಳದ ಚರಿತ್ರೆ ಬರೆಯುತ್ತೇವೆ ಎಂದಾಗ ನಾನು ಸಿರಾ ಮಾಡಿ ದೇವರಿಗೆ ಇಟ್ಟೆ. ಈಗ ಆ ಹೊದಿಕೆಯ ಕರಡು ಓದಿದ ಮೇಲೆ ಸಿರಾ ವಾಪಸು ಕೇಳೋಣವೆಂದರೆ ನಿನ್ನ ಅಪ್ಪ ತಿಂದು ಮುಗಿಸಿದ್ದಾನೆ.

ಏನು ಬರೆದಿದ್ದೀರಿ ಅದರಲ್ಲಿ? ಹಾಡು, ಗಂಗವ್ವ. ಜೀ ಅನ್ನುವ ಹಿಮ್ಮೇಳ, ಬಾಳವ್ವ. ತುಂತುಣಿ, ವಾಮನ. ಇಲ್ಲಿಯವರೆಗೆ ಸರಿ. ಡಪ್ಪು, ಭೀಮಸೇನ.

ಭೀಮಸೇನ ಡಪ್ಪು ಮುಟ್ಟಿದ್ದು ಜನ್ಮದಲ್ಲಿ ಒಂದೇ ಸಲ. ತನ್ನ ಅಂಗಡಿಯ ಬಾಗಿಲಿಗೆ ಅಡ್ಡ ಇದೆ ಎಂದು ಕಾಲಿನಿಂದ ಸರಿಸಿದಾಗ.

ಅದರ ಕೆಳಗೆ ನಿಮ್ಮ ಬ್ಯಾಂಡಿನ ಪಟ್ಟಿ ಇದೆ. ಎರಡು ವಾರ ಬಾಸ್ ಗಿಟಾರು ನುಡಿಸಿ ವೆಲ್ಲಿಂಗ್ಟನ್ನಿಗೆ ಹೋದ ಸಿಂಚನಾಳ ಹೆಸರು ಇದೆ. ಯೂಟ್ ಗಾಡಿಯಲ್ಲಿ ಸ್ಪೀಕರು ಹೇರಿಕೊಂಡು ಬಂದವನ ಹೆಸರೂ ಇದೆ. ನಿಮ್ಮವರಲ್ಲಿ ಒಬ್ಬರೂ ಬಿಟ್ಟುಹೋಗಿಲ್ಲ, ನೋಡು.

ಇನ್ನೊಂದು. ನಿನ್ನ ಅವ್ವ ರಶ್ಮಿತಾ ನನ್ನ ಬಲಗಿವಿಗೆ ಹೆಡ್‌ಫೋನು ಹಚ್ಚಿ ನಿಮ್ಮ ಹಾಡು ಕೇಳಿಸಿದಳು. ಗೀಗೀ ಪದದ ಕೊನೆಯ ನುಡಿ ಅಂದರೆ ಏನೆಂದು ನಿನಗೆ ಹೇಳಿಕೊಟ್ಟಿದ್ದೇನೆ. ಪದ ಯಾವುದೇ ಇರಲಿ, ಕೊನೆಯ ನುಡಿಯಲ್ಲಿ ಮೇಳದ ಊರು ಬರಬೇಕು, ಮೇಳದವರ ಹೆಸರು ಬರಬೇಕು. ಒಬ್ಬರು ಬಿಟ್ಟುಹೋಗಿ ಇನ್ನೊಬ್ಬರು ಬಂದರೆ ಆ ನುಡಿಯಷ್ಟೇ ಬದಲಾಗುತ್ತದೆ. ನಮಗೆ ತಟ್ಟೆಯಿರಲಿಲ್ಲ, ಹೊದಿಕೆಯಿರಲಿಲ್ಲ, ಅದೇ ನಮ್ಮ ಪಟ್ಟಿ. ನೀನು ‘ತುಂತುಣಿ ಮೀಟಾವ ವಾಮನ’ ಎಂದು ಹಾಡಿ, ‘ಡಪ್ಪ ಬಡಿಯಾವ’ ಎಂದು ಬಾಯಿ ಮುಚ್ಚಿದ್ದೀ. ಅಲ್ಲಿಂದ ನಿಮ್ಮ ಬಾಲು ಒಂದೂವರೆ ನಿಮಿಷ ಡ್ರಮ್ಮು ಕುಟ್ಟಿದ್ದಾನೆ. ಹುಡುಗನ ಕೈ ಕೆಟ್ಟದ್ದಲ್ಲ. ಆದರೆ ಅದು ಕುಟ್ಟುವ ಜಾಗ ಅಲ್ಲ.

ಭೀಮಸೇನನನ್ನು ತೆಗೆ. ಕುಟ್ಟುವುದನ್ನೂ ತೆಗೆ.

ಆಯಿ ಗಂಗವ್ವ


ನೆಲ್ಸನ್
೧೨ ಮಾರ್ಚ್ ೨೦೨೫

ಪ್ರೀತಿಯ ಆಯಿ,

ನಿನ್ನ ಕಾಗದ ಬರಲು ಒಂದು ವಾರ ಹಿಡಿಯಿತು, ಇಲ್ಲಿ ಅಂಚೆಯವರು ದಿನಾ ಬರುವುದಿಲ್ಲ. ಪ್ಯಾಕ್‌ಹೌಸಿನಲ್ಲಿ ಚಹಾದ ಬಿಡುವಿನಲ್ಲಿ ಓದಿದೆ. ನನ್ನ ಕನ್ನಡ ನೀನು ಅಡುಗೆಮನೆಯ ಮೇಜಿನ ಮೇಲೆ ಕಲಿಸಿದ್ದು. ಇದರಲ್ಲಿ ತಪ್ಪಿದ್ದರೆ ಅರ್ಧ ಬೈಗಳು ನಿನಗೇ ಸೇರಬೇಕು.

ಬಾಲುಗೆ ಓದಿ ಹೇಳಿದೆ. ಮೈಸೂರಿನವನು, ಬೇಜಾರು ಮಾಡಿಕೊಳ್ಳಲಿಲ್ಲ. "ಅಜ್ಜಿ ಹೇಳೋದು ಸರಿ ಕಣೆ, ಜಾಗ ಖಾಲಿ ಸಿಕ್ತು ಅಂತ ನಾನು ಸ್ವಲ್ಪ ಜಾಸ್ತೀನೇ ಹೊಡ್ದೆ" ಅಂದ. ಅದನ್ನು ಮುಕ್ಕಾಲು ನಿಮಿಷಕ್ಕೆ ಇಳಿಸುತ್ತೇವೆ. ರಾಘವ್‌ಗೂ ಗಿಟಾರಿನ ಸದ್ದು ಕಡಿಮೆ ಮಾಡಲು ಹೇಳಿದ್ದೇನೆ. ನಿನಗೆ ಗದ್ದಲ ಹೆಚ್ಚಾಯಿತು, ಅದಕ್ಕೇ ಸಿಟ್ಟು ಬಂದಿದೆ ಎಂದು ನನಗೆ ಅರ್ಥವಾಯಿತು.

ಭೀಮಸೇನ ಎಂಬ ಹೆಸರು ನಾನು ಕಟ್ಟಿದ್ದಲ್ಲ. ಅಪ್ಪನ ಟ್ರಂಕಿನಲ್ಲಿದ್ದ ನಿಮ್ಮ ಕ್ಯಾಸೆಟ್ಟಿನ ಮೇಲೆ ಹಾಗೇ ಅಚ್ಚಾಗಿದೆ, ೧೯೮೩, ಡಪ್ಪು ಭೀಮಸೇನ ಎಂದು. ಕ್ರಿಸ್‌ಮಸ್ ರಜೆಗೆ ಬಂದಾಗ ನೀನು ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆನಲ್ಲ, ಅದನ್ನೇ ಮೊದಲು ನೋಡಿದ್ದು. ಅದರಲ್ಲಿ ‘ಡಪ್ಪ ಬಡಿಯಾವ’ ಎಂದು ನೀನು ನಿಂತೆ. ಮೇಜಿನ ಮೇಲೆ ಬೆರಳಿನಿಂದ ಏನೋ ತಟ್ಟಿ, "ನೀರ ಕೊಡ" ಅಂದೆ. ಮೂರು ಸಲ ಹಾಡಿಸಿದೆ. ಮೂರು ಸಲವೂ ಅಲ್ಲೇ ನಿಂತೆ, ಮೂರು ಸಲವೂ ನೀರು ಕೇಳಿದೆ.

ನಿನಗೆ ಆ ಹೆಸರು ಮರೆತಿದೆ ಎಂದುಕೊಂಡೆ. ಅವ್ವನಿಗೆ ಹೇಳಿದಾಗ "ವಯಸ್ಸಾತಲ್ಲ, ಕೇಳಿ ಕೇಳಿ ನೋಯಿಸಬ್ಯಾಡ" ಅಂದಳು. ಅದಕ್ಕೆ ನಾನು ಕೇಳಲಿಲ್ಲ, ಕ್ಯಾಸೆಟ್ಟು ನೋಡಿ ತುಂಬಿದೆ. ನಿನಗೆ ಮುಜುಗರ ಆಗಬಾರದು ಎಂದು ಹೀಗೆ ಮಾಡಿದ್ದು, ಆಯಿ. ಬಾರಿಸಿದವರು ಬೇರೆ ಯಾರಾದರೂ ಆಗಿದ್ದು, ಈಗ ನೆನಪಿಗೆ ಬಂದಿದ್ದರೆ ಬರೆದು ಕಳಿಸು. ಬರದಿದ್ದರೂ ಪರವಾಗಿಲ್ಲ.

ನಿನ್ನ ವಚನಾ


ಹೆಂಡರ್ಸನ್
೨೦ ಮಾರ್ಚ್ ೨೦೨೫

ವಚನಾ,

ಬರದಿದ್ದರೂ ಪರವಾಗಿಲ್ಲವೇ?

ತಾಯಿ ಮಗಳು ಕೂಡಿ ನನಗೆ ಮರೆವಿನ ರೋಗ ಹಚ್ಚಿದ್ದೀರಿ. ಜನವರಿಯಿಂದ ರಶ್ಮಿತಾ ಒಲೆಯ ಗುಂಡಿಗಳ ಮೇಲೆ ಕೆಂಪು ಚೀಟಿ ಯಾಕೆ ಅಂಟಿಸಿದ್ದಾಳೆ ಎಂದು ಈಗ ತಿಳಿಯಿತು. ಇಂದು ಬೆಳಿಗ್ಗೆ ನಾಲ್ಕೂ ಚೀಟಿ ಕಿತ್ತು ಅವಳ ಲಂಚ್ ಡಬ್ಬಿಯ ಮೇಲೆ ಅಂಟಿಸಿ ಕಳಿಸಿದ್ದೇನೆ.

ಮರೆತವಳು ಹೇಳುತ್ತೇನೆ, ಬರೆದುಕೋ. ಮೇಳ ಶುರುವಾದದ್ದು ೧೯೭೧ರ ಬನದ ಹುಣ್ಣಿಮೆಯ ಮರುದಿನ. ಆಗ ತುಂತುಣಿ ಹಿಡಿದವ ವಾಮನ ಅಲ್ಲ, ವಾಮನನ ಅಣ್ಣ. ಹಾಡಿನ ನಡುವೆ ತೂಕಡಿಸುತ್ತಿದ್ದ, ತಂತಿ ನಿಂತಿತೆಂದರೆ ಬಾಳವ್ವ ಹಿಂದಿನಿಂದ ಜಡೆಯಲ್ಲಿ ಹೊಡೆಯುತ್ತಿದ್ದಳು. ಎರಡು ವರ್ಷಕ್ಕೆ ಅವನನ್ನು ಬಿಡಿಸಿ ತಮ್ಮನನ್ನು ತಂದೆವು. ೧೯೭೭ರಲ್ಲಿ ವಾಮನ ನಾಟಕದ ಕಂಪನಿಯ ಹಾರ್ಮೋನಿಯಂ ಕಂಡು ಮನಸೋತು ಓಡಿಹೋದ, ಎಂಟು ತಿಂಗಳ ಮೇಲೆ ಮೀಸೆ ಬಿಟ್ಟುಕೊಂಡು ವಾಪಸು ಬಂದ. ಆ ಎಂಟು ತಿಂಗಳು ಕೊನೆಯ ನುಡಿಯಲ್ಲಿ ಅವನ ಹೆಸರು ತೆಗೆದಿದ್ದೆ. ಬಂದ ಮೇಲೂ ಮೂರು ಹಾಡಿಕೆ ಮುಗಿಯುವ ತನಕ ಸೇರಿಸಲಿಲ್ಲ, ಬುದ್ಧಿ ಬರಲಿ ಎಂದು. ಬಾಳವ್ವನ ಗಂಡನಿಗೆ ಸಾಂಗ್ಲಿಯ ಮಿಲ್ಲಿನಲ್ಲಿ ಕೆಲಸ ಸಿಕ್ಕಿದ್ದು ೧೯೮೧ರಲ್ಲಿ. ಅವಳು ಹೋದ ಮೇಲೆ ಜೀ ಅನ್ನುವುದನ್ನೂ ವಾಮನನೇ ಅಂದ. ಅವನಿಗೆ ಜೀ ಬಿಟ್ಟರೆ ಬೇರೆ ಮಾತು ಹಾಡಿನಲ್ಲಿ ಏಳುತ್ತಿರಲಿಲ್ಲ. ಕ್ಯಾಸೆಟ್ಟು ಮಾಡಿದಾಗ ನಾವು ಮೂವರೇ. ಬಾಳವ್ವ, ವಾಮನ, ಅವನ ಅಣ್ಣ, ಎಲ್ಲರೂ ಹೋದರು. ಈಗ ಉಳಿದವಳು ನಾನೊಬ್ಬಳು.

ಇಷ್ಟು ನೆನಪಿದ್ದವಳಿಗೆ ಹದಿಮೂರು ವರ್ಷ ಎಡಗಡೆ ನಿಂತು ಡಪ್ಪು ಬಡಿದವರು ಮರೆತರೇ? ನನ್ನ ಎಡಗಿವಿ ಹೋದದ್ದೇ ಆ ಡಪ್ಪಿನಿಂದ.

ನಿನ್ನ ಅಜ್ಜ. ಡಪ್ಪು ಬಡಿದವರು ನಿನ್ನ ಅಜ್ಜ.

ನಿನಗೆ ಯಾರೂ ಹೇಳಿಲ್ಲ, ಗೊತ್ತು. ನಿನ್ನ ಅಪ್ಪ ಶಿವಪ್ರಸಾದ ಇಲ್ಲಿಯ ಕನ್ನಡದವರ ಮುಂದೆ ನಮ್ಮ ತಂದೆ ವಿದ್ಯುತ್ ಇಲಾಖೆಯಲ್ಲಿದ್ದರು ಎನ್ನುತ್ತಾನೆ. ಸುಳ್ಳಲ್ಲ, ಹಗಲು ಕಂಬ ಹತ್ತುತ್ತಿದ್ದರು. ಇಲಾಖೆ ಎಂದರೆ ಕೇಳಿದವರು ಇಂಜಿನಿಯರು ಎಂದುಕೊಳ್ಳುತ್ತಾರೆ. ಡಪ್ಪು ಎಂದರೆ ಏನೆಂದುಕೊಳ್ಳುತ್ತಾರೋ ಎಂದು ಅವನಿಗೆ ಅಂಜಿಕೆ. ಮಗ ಮುಚ್ಚಿಟ್ಟ, ಮೊಮ್ಮಗಳು ಬೇರೆಯವನಿಗೆ ಬರೆದುಕೊಟ್ಟಳು.

ಭೀಮಸೇನ ಪೇಟೆಯಲ್ಲಿ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದವ. ನಮ್ಮ ಹಾಡು ಹಿಡಿದುಕೊಂಡ, ಹೊದಿಕೆಗೆ ತನ್ನ ಹೆಸರು ಹಾಕಿಕೊಂಡ. ಕಳ್ಳ. ಇದಕ್ಕಿಂತ ಹೆಚ್ಚು ಆ ಮನುಷ್ಯನ ಬಗ್ಗೆ ಬರೆದು ಶಾಯಿ ಕೆಡಿಸುವುದಿಲ್ಲ.

ಗಂಗವ್ವ


ನೆಲ್ಸನ್
೨೮ ಮಾರ್ಚ್ ೨೦೨೫

ಆಯಿ,

ಎರಡು ದಿನ ನಿನ್ನ ಕಾಗದವನ್ನು ಜಾಕೆಟ್ಟಿನ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದೆ. ಅಜ್ಜನ ಫೋಟೋ ನಾನು ಹುಟ್ಟಿದಾಗಿನಿಂದ ಗೋಡೆಯ ಮೇಲೆ ನೋಡಿದ್ದೇನೆ. ಟೋಪಿ, ಕನ್ನಡಕ, ಮೊಣಕಾಲ ಮೇಲೆ ಎರಡು ಕೈ. ಆ ಕೈಯನ್ನು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ. "ಗ್ವಾಡಿಗೆ ಒಂದ ಡಪ್ಪ ತೂಗಹಾಕಿತ್ತು. ನನಗ ಐದ ವರ್ಷ ಇದ್ದಾಗ ಅಪ್ಪ ಕಂಬದ ಮ್ಯಾಲಿಂದ ಬಿದ್ದ ಕೈ ಮುರಕೊಂಡ್ರು. ಅವರು ಬಾರಿಸಿದ್ದು ನಾ ಕಣ್ಣಿಂದ ನೋಡಿದ್ದು ನೆನಪಿಲ್ಲ, ಸುಳ್ಳ ಯಾಕ ಹೇಳ್ಲಿ" ಅಂದ. ದನಿ ಸಣ್ಣದಾಗಿತ್ತು. ಅವನನ್ನು ಬಹಳ ಬೈಯಬೇಡ.

ಹೆಸರು ನನಗೆ ಗೊತ್ತು, ಅಂದೇ ಬದಲಿಸಬಹುದು ಎಂದುಕೊಂಡೆ. ಆದರೆ ಒಂದು ತೊಡಕಾಗಿದೆ. ಹಳೆಯ ಕ್ಯಾಸೆಟ್ಟಿನ ಚಿತ್ರವನ್ನು ಹೊದಿಕೆಯಲ್ಲಿ ಬಳಸಲು ಒಪ್ಪಿಗೆ ಬೇಕೆಂದು ರಾಘವ್ ಭೀಮಸೇನ ಅವರ ಮಗ ಶ್ರೀಕರ್ ಎಂಬವರಿಗೆ ಇಮೇಲ್ ಬರೆದಿದ್ದ. ಡಪ್ಪು ಬಾರಿಸಿದ್ದು ನಮ್ಮ ತಂದೆಯೇ, ಅಚ್ಚಾಗಿರುವುದೇ ಸಾಕ್ಷಿ, ಹೆಸರು ತೆಗೆದರೆ ನಾವು ಸುಮ್ಮನಿರುವುದಿಲ್ಲ ಎಂದು ಅವರು ಉತ್ತರ ಕೊಟ್ಟಿದ್ದಾರೆ. ರಾಘವ್ ಬೆಂಗಳೂರಿನವನು, ಎಲ್ಲಾ ಕಾಗದದ ಮೇಲೆ ಇರಬೇಕು ಅವನಿಗೆ. "ಮೇಳದಲ್ಲಿ ಇದ್ದೋರು ಒಬ್ರು ಕೈಯಾರೆ ಬರೆದು ಸೈನ್ ಮಾಡ್ಲಿ, ಸಾಕು. ನೀನು ಬರೆದ್ರೆ ಮೊಮ್ಮಗಳು ತಾತನ ಹೆಸರು ತುರುಕಿದ್ಲು ಅಂತಾರೆ" ಅಂದ.

ಮೇಳದಲ್ಲಿ ಇದ್ದವರಲ್ಲಿ ಈಗ ಇರುವವಳು ನೀನೊಬ್ಬಳೇ. ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಮೇಳ, ವರ್ಷ, ಡಪ್ಪು ಬಾರಿಸಿದವರ ಹೆಸರು, ನಿನ್ನ ಸಹಿ. ನಾಲ್ಕೇ ಸಾಲು. ಹೊದಿಕೆ ಏಪ್ರಿಲ್ ೨೩ಕ್ಕೆ ಅಚ್ಚಿಗೆ ಹೋಗುತ್ತದೆ, ಆಮೇಲೆ ಒಂದು ಅಕ್ಷರವೂ ಬದಲಾಗುವುದಿಲ್ಲ.

ವಚನಾ


ಹೆಂಡರ್ಸನ್
೪ ಏಪ್ರಿಲ್ ೨೦೨೫

ವಚನಾ,

ಹಾಳೆ ತುಂಬಿ ಇದರೊಳಗೆ ಇಟ್ಟಿದ್ದೇನೆ. ಡಪ್ಪು ಬಾರಿಸಿದವರ ಹೆಸರು ಎಂಬಲ್ಲಿ ‘ಶಿವಪ್ರಸಾದನ ತಂದೆ, ವಚನಾಳ ಅಜ್ಜ, ನಮ್ಮ ಮನೆಯವರು’ ಎಂದು ಬರೆದಿದ್ದೇನೆ. ಒಬ್ಬ ಮನುಷ್ಯನಿಗೆ ಮೂರು ಗುರುತು ಸಾಲದೇ? ಸಾಲದಿದ್ದರೆ ನಿನ್ನ ಅಪ್ಪನ ಪಾಸ್‌ಪೋರ್ಟಿನಲ್ಲಿ ಅಚ್ಚಾಗಿದೆ, ನಿಮ್ಮ ರಾಘವ್ ಅದನ್ನು ನೋಡಿ ಬರೆದುಕೊಳ್ಳಲಿ. ಕಳ್ಳನ ಮಗ ಅಲ್ಲಿಂದ ಒಂದು ಇಮೇಲು ಒಗೆದರೆ ಅದು ಮಾತು. ಹದಿಮೂರು ವರ್ಷ ಪಕ್ಕದಲ್ಲಿ ನಿಂತವಳು ಹೇಳಿದರೆ ಅದಕ್ಕೆ ಹಾಳೆ ಬೇಕು, ಸಹಿ ಬೇಕು. ನಾಲ್ಕು ಸಾಲಿನ ಕಾಗದ ಕೊಟ್ಟು ನನ್ನನ್ನು ಮತ್ತೆ ಸಾಲೆಗೆ ಕೂಡಿಸಿದ್ದೀರಿ.

ಇದಕ್ಕಿಂತ ಹೆಚ್ಚು ನನ್ನಿಂದ ಆಗುವುದಿಲ್ಲ. ಯಾಕೆ ಎಂದು ಕೇಳಬೇಡ.

ಗಂಗವ್ವ


ನೆಲ್ಸನ್
೧೧ ಏಪ್ರಿಲ್ ೨೦೨೫

ಆಯಿ,

ಯಾಕೆ ಎಂದು ಕೇಳುವುದಿಲ್ಲ. ಬಾಲು ಹೇಳಿಬಿಟ್ಟ.

ನಿನ್ನ ಹಾಳೆ ನೋಡಿ ರಾಘವ್ ತಲೆ ಕೆರೆದುಕೊಂಡ. ನನಗೂ ಸಿಟ್ಟು ಬಂತು. ಅಷ್ಟರಲ್ಲಿ ಬಾಲು ಮತ್ತೆ ಹಳೆಯ ಕ್ಯಾಸೆಟ್ಟು ಹಾಕಿಕೊಂಡು ಕೂತಿದ್ದ, ಅವನಿಗೆ ತನ್ನ ಡ್ರಮ್ಮಿನ ಸೋಲೋ ಎಲ್ಲಿ ತಪ್ಪಾಯಿತು ಎಂದು ತಿಳಿಯಬೇಕಿತ್ತು. ಅದರಲ್ಲಿ ಆರು ಪದಗಳಿವೆ. ಆರರಲ್ಲೂ ಕೊನೆಯ ನುಡಿಯಲ್ಲಿ ನೀನು ‘ಡಪ್ಪ ಬಡಿಯಾವ’ ಎಂದು ನಿಲ್ಲುತ್ತೀ. ಆರರಲ್ಲೂ ತುಂತುಣಿಯೂ ನಿಲ್ಲುತ್ತದೆ. ಡಪ್ಪು ಮಾತ್ರ ನಾಲ್ಕು ಪೆಟ್ಟು ಕೊಡುತ್ತದೆ. ಎರಡು ಸಣ್ಣವು, ಒಂದು ದೊಡ್ಡದು, ಕಡೆಗೊಂದು ಬೆರಳ ತುದಿಯದು. ಆಮೇಲೆ ವಾಮನ ಜೀ ಎನ್ನುತ್ತಾನೆ. ಆರು ಪದದಲ್ಲಿ ತಾಳ ಬೇರೆ ಬೇರೆ, ಆದರೆ ಈ ನಾಲ್ಕು ಪೆಟ್ಟು ಬದಲಾಗುವುದಿಲ್ಲ.

ಬಾಲು ಪ್ಯಾಕ್‌ಹೌಸಿನ ಊಟದ ಮೇಜಿನ ಮೇಲೆ ಅದನ್ನೇ ತಟ್ಟಿ ತಟ್ಟಿ ತೋರಿಸಿದ. "ಇದು ಬೀಟ್ ಅಲ್ಲ ಕಣೆ, ಮಾತು. ಯಾರೋ ಏನೋ ಹೇಳ್ತಾ ಇದಾರೆ. ನಿಮ್ಮ ತಾತನ ಹೆಸರೇನು?" ಅಂದ. ನಾನು ಹೇಳಿದೆ. ಅವನು ಇನ್ನೊಮ್ಮೆ ತಟ್ಟಿದ. ಪೆಟ್ಟು ಹೆಸರಿಗೆ ಸರಿಯಾಗಿ ಕೂತಿತು.

ನೀನು ಕ್ರಿಸ್‌ಮಸ್‌ನಲ್ಲಿ ಅಡುಗೆಮನೆಯ ಮೇಜಿನ ಮೇಲೆ ತಟ್ಟಿದ್ದೂ ಅದೇ. ಫೋನಿನಲ್ಲಿ ಕೇಳಿ ನೋಡಿದೆ.

ಹೋದ ವರ್ಷ ಕ್ಲಿನಿಕ್ಕಿನ ಹುಡುಗಿ ನಿನ್ನ ಪೂರ್ತಿ ಹೆಸರು ಕೇಳಿದಾಗ ನೀನು ಗಂಗವ್ವ ಎಂದಷ್ಟೇ ಹೇಳಿ ಕಾರ್ಡು ಮುಂದೆ ಚಾಚಿದ್ದೆ. ಅವ್ವ ಅಂಗಳದಿಂದ "ಶಿವೂ, ಕಸದ ಬಿನ್ ಹೊರಗ ಇಡು" ಎಂದು ಕೂಗಿದಾಗಲೆಲ್ಲ ನಿನ್ನ ಮುಖ ನೋಡಿ ನಾನು ನಗುತ್ತಿದ್ದೆ. ಎಲ್ಲಾ ಕಣ್ಣ ಮುಂದೇ ಇತ್ತು. ನೀನು ಮರೆತಿರಲಿಲ್ಲ. ಅಜ್ಜನ ಹೆಸರನ್ನು ಬಾಯಿಂದ ಹೇಳುವುದಿಲ್ಲ, ಅಷ್ಟೇ. ನಾನು ಕ್ಷಮೆ ಕೇಳಬೇಕು.

ಬಾಲು ತನ್ನ ಸೋಲೋ ಪೂರ್ತಿ ತೆಗೆದುಹಾಕಿದ್ದಾನೆ. ಆ ನಾಲ್ಕು ಪೆಟ್ಟು ಮಾತ್ರ ಇಟ್ಟಿದ್ದೇವೆ, ನಿನ್ನೆ ರಾತ್ರಿ ಮತ್ತೆ ರೆಕಾರ್ಡ್ ಆಯಿತು.

ನಿನ್ನನ್ನು ಇನ್ನು ಒತ್ತಾಯ ಮಾಡುವುದಿಲ್ಲ. ಪೆಟ್ಟು ಸಾಕ್ಷಿ ಆಗುವುದಿಲ್ಲ, ಪಾಸ್‌ಪೋರ್ಟು ಡಪ್ಪಿನ ಬಗ್ಗೆ ಏನೂ ಹೇಳುವುದಿಲ್ಲ ಎಂದು ರಾಘವ್ ಹೇಳುತ್ತಾನೆ. ಅವನು ಕೆಟ್ಟವನಲ್ಲ. ಭೀಮಸೇನನ ಹೆಸರನ್ನು ತೆಗೆಯಲು ಒಪ್ಪಿದ್ದಾನೆ. ಆ ಜಾಗದಲ್ಲಿ ‘ಡಪ್ಪು: ಅಜ್ಞಾತ ಕಲಾವಿದರು’ ಎಂದು ಹಾಕೋಣ, ಯಾರಿಗೂ ಅನ್ಯಾಯ ಆಗುವುದಿಲ್ಲ ಎಂದ. ನಾನು ಒಪ್ಪಿಕೊಂಡೆ. ಅಜ್ಜನ ಹೆಸರನ್ನು ಈ ಕಾಗದದಲ್ಲಿ ನಾನೂ ಎಲ್ಲೂ ಬರೆದಿಲ್ಲ, ನೋಡು. ನೀನು ಬರೆಯದ್ದನ್ನು ನಾನು ಯಾಕೆ ಬರೆಯಲಿ.

ವಚನಾ


ಹೆಂಡರ್ಸನ್
೧೭ ಏಪ್ರಿಲ್ ೨೦೨೫

ವಚನಾ,

ಅಜ್ಞಾತ ಎಂದರೆ ಯಾರಿಗೂ ಗೊತ್ತಿಲ್ಲದವರು ಎಂದು ನಿನ್ನ ಅಪ್ಪ ಅರ್ಥ ಹೇಳಿದ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ.

ಯಾರಿಗೆ ಗೊತ್ತಿಲ್ಲ? ಸುತ್ತಲಿನ ಹನ್ನೆರಡು ಹಳ್ಳಿಯಲ್ಲಿ ಡಪ್ಪಿನ ಮೊದಲ ಪೆಟ್ಟು ಬಿದ್ದರೆ ಜನ ರೊಟ್ಟಿ ಅರ್ಧಕ್ಕೆ ಬಿಟ್ಟು ಎದ್ದು ಬರುತ್ತಿದ್ದರು. ಅಂಥವರು ಅಜ್ಞಾತ, ಸ್ಪೀಕರು ಹೊತ್ತವನು ಜ್ಞಾತ. ಭೀಮಸೇನ ಕದ್ದಾಗಲಾದರೂ ಅಲ್ಲಿ ಒಬ್ಬ ಮನುಷ್ಯನ ಹೆಸರು ಇತ್ತು. ನೀವು ಮರ್ಯಾದೆ ಮಾಡುತ್ತೇವೆ ಎಂದು ಅದನ್ನೂ ಒರೆಸುತ್ತಿದ್ದೀರಿ. ಅನ್ಯಾಯ ಆಗುವುದಿಲ್ಲವಂತೆ. ಆ ರಾಘವನನ್ನು ನನ್ನ ಮುಂದೆ ಒಂದು ತಾಸು ಕೂಡಿಸು.

ಈಗ ಹಿಂದಿನ ಕಾಗದದಲ್ಲಿ ಬರೆಯದೆ ಬಿಟ್ಟದ್ದನ್ನು ಬರೆಯುತ್ತೇನೆ.

ಬಾಳವ್ವ ಇದ್ದಾಗ ತೊಂದರೆ ಇರಲಿಲ್ಲ. ‘ಡಪ್ಪ ಬಡಿಯಾವ’ ಎಂದು ನಾನು ಬಿಡುತ್ತಿದ್ದೆ, ಆ ಹೆಸರನ್ನು ಅವಳು ಎತ್ತಿಕೊಳ್ಳುತ್ತಿದ್ದಳು. ಅವಳು ಸಾಂಗ್ಲಿಗೆ ಹೋದ ಮೇಲೆ ಮೊದಲ ಹಾಡಿಕೆಯಲ್ಲಿ ಆ ಜಾಗಕ್ಕೆ ಬಂದು ನಿಂತೆ. ವಾಮನ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಜನ ಕೂತಿದ್ದಾರೆ. ಆಗ ಎಡಗಡೆಯಿಂದ ನಾಲ್ಕು ಪೆಟ್ಟು ಬಿತ್ತು. ತಮ್ಮ ಹೆಸರು ತಾವೇ ಬಾರಿಸಿದರು. ಜನರಿಗೆ ತಿಳಿಯಿತು, ಗೊಳ್ಳೆಂದು ನಕ್ಕು ಚಪ್ಪಾಳೆ ಹೊಡೆದರು. ಅಂದಿನಿಂದ ಹಾಗೇ ನಡೆಯಿತು. ಮನೆಗೆ ಬರುವಾಗ "ನೀ ಹೇಳದಿದ್ರ ಏನಾತ, ನನ್ನ ಡಪ್ಪಿಗೆ ಬಾಯಿಲ್ಲೇನ" ಅಂದರು. ಅಷ್ಟು ಹಗುರ ಮಾಡಿಬಿಟ್ಟರು ಅದನ್ನು.

ಅದು ಊರಲ್ಲಿ ನಡೆಯಿತು. ಕ್ಯಾಸೆಟ್ಟಿನ ದಿನ ನಡೆಯಲಿಲ್ಲ. ಹಾಡು ಹಿಡಿಯುವ ಮೊದಲು ಭೀಮಸೇನ ಹೊದಿಕೆಗೆ ಹೆಸರು ಬರೆದುಕೊಳ್ಳಲು ಕೂತ. ಮೋಡ ಮುಚ್ಚಿ ಡಪ್ಪಿನ ಚರ್ಮ ಸಡಿಲ ಬಿದ್ದಿತ್ತು, ಅದನ್ನು ಕಾಯಿಸಲು ಇವರು ಎದುರಿನ ಚಹಾದ ಅಂಗಡಿಯ ಒಲೆಗೆ ಹೋಗಿದ್ದರು. ವಾಮನನೂ ಬೀಡಿ ಸೇದಲು ಅವರ ಹಿಂದೆ ಹೋಗಿದ್ದ. ಅಂಗಡಿಯಲ್ಲಿ ನಾನೊಬ್ಬಳೇ ಹೆಂಗಸು, ಗಿರಾಕಿಗಳು ನಾಲ್ಕೈದು ಜನ. ಹಾಡಾಕಿ ಯಾರು ಅಂದ, ಗಂಗವ್ವ ಅಂದೆ. ತುಂತುಣಿ ಅಂದ, ವಾಮನ ಅಂದೆ. ಡಪ್ಪು ಅಂದ.

"ಅವರದು" ಅಂದೆ, ಬಾಗಿಲ ಕಡೆ ಕೈ ಮಾಡಿ.

"ಅವರದಂದ್ರ ಯಾರದ? ಹೆಸರಿಲ್ಲೇನ ಅವರಿಗೆ?"

ಅಂಗಡಿಯವರೆಲ್ಲ ನಕ್ಕರು. ನಾನೂ ಸೆರಗು ಬಾಯಿಗಿಟ್ಟು ನಕ್ಕೆ. "ಹೇಳವಲ್ಲಿ ಅಂದ್ರ ನಂದ ಬರಕೋತೀನಿ ನೋಡ" ಅಂದ. ಚೇಷ್ಟೆ ಎಂದು ತಿಳಿದೆ. ಇವರು ಒಳಗೆ ಬಂದಾಗ ಕೇಳಿದ್ದರೆ ಅವರೇ ಹೇಳುತ್ತಿದ್ದರು. ಭೀಮಸೇನ ಕೇಳಲಿಲ್ಲ, ನಾನೂ ನೆನಪು ಮಾಡಲಿಲ್ಲ. ಇವರು ಡಪ್ಪು ಬಾಗಿಲಲ್ಲಿಟ್ಟು ಚಪ್ಪಲಿ ಬಿಡುವಷ್ಟರಲ್ಲಿ ಆ ಮನುಷ್ಯ ಅದನ್ನು ಕಾಲಿನಿಂದ ಸರಿಸಿದ್ದನ್ನು ಮಾತ್ರ ನೋಡಿದೆ. ಆ ಸಿಟ್ಟನ್ನೇ ಇಷ್ಟು ವರ್ಷ ಹಿಡಿದುಕೊಂಡು ಕೂತೆ. ಅದು ಹಿಡಿದುಕೊಳ್ಳಲು ಸುಲಭ ಇತ್ತು.

ಎರಡು ತಿಂಗಳಿಗೆ ಕ್ಯಾಸೆಟ್ಟು ಕೈಗೆ ಬಂತು. ಹೊದಿಕೆಯನ್ನು ಇವರು ಕಂದೀಲಿನ ಹತ್ತಿರ ಹಿಡಿದು ಎರಡು ಸಲ ಓದಿದರು. ನಾನು ಅಂಗಡಿಯಲ್ಲಿ ನಡೆದದ್ದನ್ನು ಹೇಳಿದೆ. "ಹೋಗ್ಲಿ ಬಿಡ ಗಂಗಾ" ಅಂದರು. "ನಿನ್ನ ಬಾಯಾಗ ಇಲ್ಲದ್ದು ಅಚ್ಚಿನ್ಯಾಗ ಯಾಕ ಇರ್ತದ." ಹೇಳಿ ನಕ್ಕರು. ನಾನೂ ನಕ್ಕೆ. ಮುಂದಿನ ಕ್ಯಾಸೆಟ್ಟಿನಲ್ಲಿ ಸರಿ ಮಾಡಿಸಿದರಾಯಿತು ಎಂದುಕೊಂಡೆವು. ಮರುವರ್ಷ ಕಂಬದಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು, ಕೂಡಿತು, ಆದರೆ ಡಪ್ಪಿಗೆ ಬರಲಿಲ್ಲ. ಮುಂದಿನ ಕ್ಯಾಸೆಟ್ಟು ಆಗಲೇ ಇಲ್ಲ. ಗೋಡೆಯಲ್ಲಿದ್ದ ಡಪ್ಪಿನ ಧೂಳನ್ನು ಅವರು ಹೋಗುವ ತನಕ ಪ್ರತಿ ಸೋಮವಾರ ಒರೆಸುತ್ತಿದ್ದರು. ಒಂದು ದಿನವೂ ತಟ್ಟಲಿಲ್ಲ.

ಭೀಮಸೇನ ಕಳ್ಳನೇ. ಅದರಲ್ಲಿ ಒಂದು ಅಕ್ಷರ ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ಆದರೆ ಅವನ ಮುಂದೆ ಖಾಲಿ ಜಾಗ ಇಟ್ಟು ನಕ್ಕವಳು ನಾನು. ಈಗ ನೆಲ್ಸನ್ನಿನಲ್ಲಿ ಮತ್ತೆ ಅದೇ ಖಾಲಿ ಜಾಗ, ಮತ್ತೆ ನನ್ನನ್ನೇ ಕೇಳುತ್ತಿದ್ದಾರೆ. ಈ ಸಲ ಕೇಳಿದವರು ಒಳ್ಳೆಯ ಮಾತಿನಲ್ಲಿ ಕೇಳಿದರು. ಆದರೂ ‘ನಮ್ಮ ಮನೆಯವರು’ ಎಂದು ಬರೆದು ಕಳಿಸಿದೆ. ನನಗೆ ನನ್ನ ಮೇಲೇ ಎಷ್ಟು ಸಿಟ್ಟು ಬಂದಿದೆ ಎಂದರೆ ನಿನ್ನ ಮೇಲೆ ಬಂದದ್ದು ಅದರ ಮುಂದೆ ಏನೂ ಅಲ್ಲ.

ಮದುವೆಯ ದಿನ ಹೆಂಗಸರು ಬಾಗಿಲು ತಡೆದು ಒಡಪು ಹೇಳಿಸಿದಾಗ ಒಮ್ಮೆ ಆ ಹೆಸರು ಹೇಳಿದ್ದೆ. ಐವತ್ತೇಳು ವರ್ಷವಾಯಿತು. ಬರೆಯುವ ಮೊದಲು ಬಾಯಲ್ಲಿ ಹೊರಡುತ್ತದೋ ಇಲ್ಲವೋ ನೋಡೋಣವೆಂದು ಇಂದು ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ಹೇಳಿದೆ. ಎಡಗಿವಿಗೆ ಕೇಳಲಿಲ್ಲ, ಬಲಗಿವಿಗೆ ಕೇಳಿತು. ಬೇಲಿಯಾಚೆಯ ಸಮೋವಾದ ಮುದುಕಿ ತನ್ನನ್ನೇ ಕರೆದೆನೆಂದು ಕೈ ಎತ್ತಿದಳು. ಇನ್ನೊಮ್ಮೆ ಹೇಳಿದೆ, ಅವಳು ಇನ್ನೊಮ್ಮೆ ಕೈ ಎತ್ತಿದಳು. ಏನೂ ಆಗಲಿಲ್ಲ, ವಚನಾ. ಆಕಾಶ ಅಲ್ಲೇ ಇತ್ತು. ಅಂಗಿ ಅರಿವೆ ಅಲ್ಲೇ ಇದ್ದವು. ಇಷ್ಟೇ ಕೆಲಸವನ್ನು ಅವರ ಎದುರು ಒಂದು ದಿನ ಮಾಡಿದ್ದರೆ ಅವರ ಮುಖ ಹೇಗಾಗುತ್ತಿತ್ತು ಎಂದು ನೋಡಬಹುದಿತ್ತು.

ರಶ್ಮಿತಾ ಕಿಟಕಿಯಿಂದ ನೋಡಿದಳು. ಕೆಂಪು ಚೀಟಿ ಮತ್ತೆ ಅಂಟಿಸಿದರೆ ಅಂಟಿಸಲಿ.

ಬಾಲುಗೆ ಹೇಳು, ನಾಲ್ಕು ಪೆಟ್ಟು ಇರಲಿ. ಆದರೆ ನೀನು ಬಾಯಿ ಮುಚ್ಚಬೇಡ. ಮೊದಲು ನೀನು ಹೆಸರು ಹೇಳು, ಆಮೇಲೆ ಅವನು ಬಾರಿಸಲಿ. ಕರೆದರೆ ಓ ಅನ್ನಬೇಕಲ್ಲ. ನಿನ್ನೆ ಮೊನ್ನೆ ಮತ್ತೆ ರೆಕಾರ್ಡ್ ಆಯಿತು ಎಂದು ನೆಪ ಹೇಳಬೇಡ, ಮತ್ತೊಮ್ಮೆ ಮಾಡಿ.

ನಾಳೆ ಗುಡ್ ಫ್ರೈಡೇ, ಅಂಚೆ ಇಲ್ಲ. ಇಂದೇ ಕೊರಿಯರಿನಲ್ಲಿ ಹೋಗಬೇಕು. ನಿನ್ನ ಅಪ್ಪ ಅರ್ಧ ದಿನ ರಜೆ ಹಾಕಿ ಬಂದು ಕಾರು ಚಾಲೂ ಮಾಡಿಕೊಂಡು ಕೂತಿದ್ದಾನೆ. ಹೊಸ ಹಾಳೆಗೆ ಗೆರೆ ಅವನೇ ಹಾಕಿಕೊಟ್ಟ. ನಾನು ತುಂಬಿದ್ದನ್ನು ಓದಿ ಒಂದೇ ಒಂದು ಮಾತು ಕೇಳಿದ. ಮುಂದಿನ ಸಲ ಕನ್ನಡದವರ ಮನೆಗೆ ಊಟಕ್ಕೆ ಹೋದಾಗ ಈ ತಟ್ಟೆ ಒಯ್ಯಬಹುದೇ ಎಂದು. ಒಯ್ಯದೆ ಹೋಗಿ ನೋಡು ಎಂದೆ.

ಹಾಳೆ ಇದರ ಕೆಳಗೆ ಇದೆ. ಒಂದು ಅಕ್ಷರವನ್ನೂ ಯಾರೂ ತಿದ್ದಬಾರದು.

ಮೇಳ: ಯರಗುಂಡಿ ಗೀಗೀ ಮೇಳ
ವರ್ಷ: ೧೯೭೧ರಿಂದ ೧೯೮೪
ಡಪ್ಪು: ಗದಿಗೆಪ್ಪ
ಸಹಿ: ಹಾಡಾಕಿ ಗಂಗವ್ವ, ಗದಿಗೆಪ್ಪನ ಹೆಂಡತಿ. ನನಗೆ ಗೊತ್ತು.